ಮಗ ಮಾಡಿದ ಬೀಗ

ಮಾವನಿಗೆ ಊಟ ಮಾಡಿದ್ದು ನೆನಪಿರುತ್ತಿರಲಿಲ್ಲ, ಸ್ನಾನ ಮಾಡಿದ್ದು ನೆನಪಿರುತ್ತಿರಲಿಲ್ಲ, ಹೆಂಡತಿ ತೀರಿಕೊಂಡಿದ್ದನ್ನಂತೂ ಬೆಳಿಗ್ಗೆ ಹೇಳಿದರೆ ಮಧ್ಯಾಹ್ನಕ್ಕೆ ಮತ್ತೆ ಹೇಳಬೇಕಾಗುತ್ತಿತ್ತು. ಆದರೆ ಬೀಗ ತೆಗೆಯುವ ವಿದ್ಯೆಯನ್ನು ಮಾತ್ರ ಆ ಹಾಳು ಮರೆವು ಇನ್ನೂ ಮುಟ್ಟಿರಲಿಲ್ಲ. ಮುಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಸೊಸೆ ಆಗಾಗ ಅಂದುಕೊಳ್ಳುತ್ತಿದ್ದಳು, ಅಂದುಕೊಂಡದ್ದಕ್ಕೆ ನಾಚಿಕೊಳ್ಳುತ್ತಲೂ ಇದ್ದಳು.

ಕೆಳಗೆ ಬೀಗ ರಿಪೇರಿಯ ಅಂಗಡಿ, ಮೇಲೆ ಎರಡು ಕೋಣೆಯ ಮನೆ. ಮೆಟ್ಟಿಲು ಹತ್ತಿದರೆ ಒಂದು ಕಬ್ಬಿಣದ ಗ್ರಿಲ್ ಬಾಗಿಲು. ಬರಲೂ ಹೋಗಲೂ ಅದೊಂದೇ ದಾರಿ. ಊರಿಗೆ ಜ್ವರ ಬಂದ ಮೇಲೆ ಅಂಗಡಿಯ ಷಟರ್ ಎಳೆದಾಗಿತ್ತು. ಬಸ್ಸುಗಳು ಡಿಪೋದಲ್ಲಿ ಸಾಲಾಗಿ ನಿಂತಿದ್ದವು, ಅವುಗಳ ಜೊತೆ ಸೊಸೆಯ ಕಂಡಕ್ಟರ್ ಕೆಲಸವೂ ನಿಂತಿತ್ತು. ಮಗಳು ಕಡ್ಡಿಗೆ ಶಾಲೆಯಿಲ್ಲ. ಹುಟ್ಟಿದಾಗಿನಿಂದ ಉಬ್ಬಸ, ಎಷ್ಟು ತಿಂದರೂ ಮೈ ಹಿಡಿಯದ ಹುಡುಗಿ. ತಾತನೇ ಕಡ್ಡಿ ಕಡ್ಡಿ ಎಂದು ಕರೆದು ಅದೇ ಹೆಸರಾಗಿ ನಿಂತುಬಿಟ್ಟಿತ್ತು. "ಈ ಮಗುವಿಗೆ ಆ ಜ್ವರ ತಗುಲಬಾರದು ಕಣಮ್ಮ. ತಗುಲಿದರೆ ಎದೆ ತಡೆಯೋದಿಲ್ಲ," ಎಂದು ಡಾಕ್ಟರು ಹೇಳಿದ್ದ ಮಾತು ಸೊಸೆಯ ತಲೆಯಿಂದ ಇಳಿದಿರಲೇ ಇಲ್ಲ. ಮನೆಯವರೆಲ್ಲ ಒಳಗಿದ್ದರೆ ಮಗು ಉಳಿಯುತ್ತದೆ, ಅವಳಿಗೆ ಗೊತ್ತಿದ್ದ ಲೆಕ್ಕ ಅಷ್ಟೇ.

ಆ ಲೆಕ್ಕಕ್ಕೆ ಮಾವ ಸಿಗುತ್ತಿರಲಿಲ್ಲ.

"ಮಾವ, ನನ್ನ ಹೇರ್‌ಪಿನ್ ಎಲ್ಲಿ?"

"ನನ್ನನ್ನ್ಯಾಕೆ ಕೇಳ್ತೀಯಮ್ಮ? ನನ್ನ ತಲೇಲಿ ಕೂದಲಿದ್ಯಾ?"

ಹಾಗೆ ಹೇಳಿ ಬೊಚ್ಚು ಬಾಯಲ್ಲಿ ನಗುತ್ತಿದ್ದರು. ಪಿನ್ನು ಅಂಗಿಯ ತೋಳಿನ ಮಡಿಕೆಯಲ್ಲಿರುತ್ತಿತ್ತು. ಪಿನ್ನು ಕಿತ್ತುಕೊಂಡರೆ ಚಮಚದ ಹಿಡಿ, ಅದನ್ನೂ ಕಿತ್ತುಕೊಂಡರೆ ಕೊಡೆಯ ಕಡ್ಡಿ. ಸೊಸೆ ಒಲೆಯ ಕಡೆ ತಿರುಗಿ ಮತ್ತೆ ಇತ್ತ ತಿರುಗುವಷ್ಟರಲ್ಲಿ ಸರಳುಗಳ ನಡುವೆ ಕೈ ತೂರಿಸಿ ಬೀಗ ತೆಗೆದು, ಅದನ್ನು ಕೊಂಡಿಗೇ ನೀಟಾಗಿ ತೂಗುಹಾಕಿ, ಮೆಟ್ಟಿಲಿಳಿದು ಹೋಗಿರುತ್ತಿದ್ದರು. ಗಂಡ ಅಂಗಡಿಯಿಂದ ಇನ್ನೂ ದೊಡ್ಡ ಬೀಗ ತಂದು ಹಾಕುತ್ತಿದ್ದ. ಮಾವ ಅದನ್ನು ಕೈಯಲ್ಲಿ ತೂಗಿ ನೋಡಿ, "ಇದು ಬೀಗಾನಾ? ಪುಟಾಣಿ ಡಬ್ಬ," ಎನ್ನುತ್ತಿದ್ದರು.

ಅವರನ್ನು ನೋಡಿಕೊಳ್ಳುವುದಕ್ಕೆ ಸೊಸೆ ತನ್ನದೇ ಉಪಾಯಗಳನ್ನು ಮಾಡಿಕೊಂಡಿದ್ದಳು. ಬಚ್ಚಲಿಗೆ ಹೋಗಲು ಒಲ್ಲೆನೆಂದು ಹಟ ಮಾಡಿದರೆ ಗೋಡೆ ತಟ್ಟಿ, "ಸ್ಟಾಪ್ ಬಂತು, ಇಳೀರಿ ಇಳೀರಿ, ಬೇಗ!" ಎನ್ನುತ್ತಿದ್ದಳು. ಮಾವ ಗಡಿಬಿಡಿಯಿಂದ ಎದ್ದು, ಬಾಗಿಲ ಚೌಕಟ್ಟು ಹಿಡಿದುಕೊಂಡು ಇಳಿಯುತ್ತಿದ್ದರು. ತಟ್ಟೆ ಮುಂದಿಟ್ಟರೆ ಒಮ್ಮೊಮ್ಮೆ, "ಟಿಕೆಟ್ ತಗೊಂಡಿಲ್ಲ, ಹೇಗೆ ತಿನ್ನಲಿ?" ಎನ್ನುತ್ತಿದ್ದರು. ಕಡ್ಡಿ ಬಿದ್ದು ಬಿದ್ದು ನಗುತ್ತಿದ್ದಳು, ನಗು ಕೆಮ್ಮಾಗುತ್ತಿತ್ತು, ಸೊಸೆ ಓಡಿಹೋಗಿ ಉಬ್ಬಸದ ಪಂಪು ತರುತ್ತಿದ್ದಳು.

ಅಕ್ಕಿ ತಳ ಕಾಣುವ ಹೊತ್ತಿಗೆ ಗಂಡನಿಗೆ ಕೆಲಸ ಸಿಕ್ಕಿತು. ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರು ಹೇಳಿಕಳಿಸಿದ್ದರು. ಜ್ವರ ಬಂದ ಮನೆಗಳಿಗೆ ಹೊರಗಿನಿಂದ ಬೀಗ ಹಾಕಬೇಕು, ಅವಧಿ ಮುಗಿದಾಗ ತೆಗೆಯಬೇಕು, ಕೀಲಿಗಳೆಲ್ಲ ಇವನ ಸೊಂಟದಲ್ಲೇ ಇರಬೇಕು. ಊಟಕ್ಕೆ ಕೂತಾಗ ಹೇಳಿದ.

"ಜನರನ್ನ ಒಳಗಿಟ್ಟು ಬೀಗ ಹಾಕೋದಾ?" ಕಡ್ಡಿ ತುತ್ತು ಕೆಳಗಿಟ್ಟಳು. "ಅದು ಜೈಲಲ್ವಾ ಅಪ್ಪ?"

"ಜೈಲಲ್ಲ ಕಣೇ, ಹೊರಗಿರೋರಿಗೆ ಕಾಯಿಲೆ ಬರದೆ ಇರಲಿ ಅಂತ. ಸುಮ್ನೆ ತಿನ್ನು."

"ನಿಮಗೆ ತಗುಲಿದರೆ?" ಎಂದಳು ಸೊಸೆ. "ಮನೇಲಿ ಈ ಕೂಸನ್ನ ಇಟ್ಕೊಂಡು ಆ ಬಾಗಿಲುಗಳನ್ನೆಲ್ಲ ಮುಟ್ಟಿ ಬರ್ತೀರಾ?"

"ಗ್ಲೌಸ್ ಕೊಡ್ತಾರೆ. ಮಾಸ್ಕ್ ಕೊಡ್ತಾರೆ. ಬಟ್ಟೆ ಕೆಳಗೇ ಬಿಚ್ಚಿ ಬರ್ತೀನಿ. ಬೇರೆ ದಾರಿ ಇದ್ರೆ ನೀನೇ ಹೇಳು. ಬಸ್ ಬಿಡ್ತೀಯಾ?"

ಇಷ್ಟು ಹೊತ್ತು ಅನ್ನ ಕಲಸುತ್ತ ಕೂತಿದ್ದ ಮಾವ ತಲೆಯೆತ್ತಿ, "ಯಾರದು ಬೀಗ ಹಾಕೋದು? ಇವನಾ? ಇವನಿಗೆ ಕೀಲಿ ಉಜ್ಜೋ ಅರ ಹಿಡಿಯೋಕೇ ಬರಲ್ಲ," ಎಂದರು. ಗಂಡನ ಮುಖ ಸಣ್ಣಗಾಯಿತು. ಮೀಸೆ ಬಂದಾಗಿನಿಂದ ಕೇಳಿದ ಮಾತು. ಉಳಿದದ್ದೆಲ್ಲ ಮರೆತರೂ ಅಪ್ಪ ಇದೊಂದನ್ನು ಮರೆತಿಲ್ಲವಲ್ಲ ಎಂದು ಅವನಿಗೆ ಹೊಟ್ಟೆ ಉರಿಯಿತು.

ವಾರ ಕಳೆಯುವುದರೊಳಗೆ ಬೀದಿಯ ಅರ್ಧ ಬಾಗಿಲುಗಳಿಗೆ ಬೀಗ ಬಿತ್ತು. ಮೈಕು ಕಟ್ಟಿದ ವ್ಯಾನು ಬೆಳಿಗ್ಗೆ ಸಂಜೆ ಸುತ್ತುತ್ತಿತ್ತು. ಅದು ಆಚೆ ಹೋದ ಮೇಲೆ ಬೀದಿಯಲ್ಲಿ ಒಂದೇ ಸದ್ದು ಉಳಿಯುತ್ತಿತ್ತು: ಯಾವುದೋ ಮನೆಯಲ್ಲಿ ಯಾರೋ ಒಳಗಿನಿಂದ ಬಾಗಿಲು ಬಡಿಯುವುದು. ಸೊಸೆ ಕಿಟಕಿ ಮುಚ್ಚುತ್ತಿದ್ದಳು. ಎದುರುಮನೆಯವರೂ ಮುಚ್ಚುತ್ತಿದ್ದರು. ಮಾವ ಮಾತ್ರ ಕಿವಿಗೊಟ್ಟು ಕೂತು, "ಯಾರೋ ಸಿಕ್ಕಿಹಾಕ್ಕೊಂಡಿದಾರೆ," ಎನ್ನುತ್ತಿದ್ದರು.

"ಯಾರೂ ಇಲ್ಲ ಮಾವ. ಬಡಗಿ ಕೆಲಸ ಮಾಡ್ತಿದಾನೆ."

"ಬಡಗಿ ಹಾಗೆ ಬಡಿಯಲ್ಲ."

ಒಂದು ಮಧ್ಯಾಹ್ನ ಅವಳು ಗಂಡನ ಬಟ್ಟೆಗಳನ್ನು ಬಿಸಿನೀರಿನಲ್ಲಿ ಕುದಿಸುತ್ತಿದ್ದಾಗ ಮಾವ ಮಾಯವಾದರು. ಸೊಸೆ ಮೂಗು ಬಾಯಿಗೆ ಸೆರಗು ಕಟ್ಟಿಕೊಂಡು ಓಡಿದಳು. ಬೀದಿಯ ತಿರುವಿನಲ್ಲಿ, ಇಸ್ತ್ರಿ ಮಾಡುವವಳ ಮನೆ ಮುಂದೆ ಮಾವ ಮಂಡಿಯೂರಿ ಕೂತಿದ್ದರು. ಇಲಾಖೆಯ ಬೀಗ ಕೊಂಡಿಗೆ ನೀಟಾಗಿ ತೂಗುತ್ತಿತ್ತು. ಬಾಗಿಲು ತೆರೆದಿತ್ತು. ಹೊಸ್ತಿಲ ಮೇಲೆ ಇಸ್ತ್ರಿಯವಳು ನಿಂತಿದ್ದಳು, ಜ್ವರಕ್ಕೆ ಕಣ್ಣು ಕೆಂಡದ ಹಾಗೆ ಕೆಂಪಗಿದ್ದವು. ಮಾವನ ಎರಡೂ ಕೈಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡಿದ್ದಳು.

"ದೇವರು ಬಂದ ಹಾಗೆ ಬಂದರು ಕಂಡಕ್ಟ್ರಮ್ಮ. ನಲ್ಲೀಲಿ ನೀರು ನಿಂತು ಎರಡು ದಿನ ಆಯ್ತು. ಬಡಿದೆ, ಬಡಿದೆ, ಒಬ್ಬರೂ ಬರಲಿಲ್ಲ."

"ಒಳಗಿಂದ ಕೂಗಿದ್ರೆ ತೆಗೀಬೇಡ್ವಾ?" ಎಂದರು ಮಾವ, ಸೊಸೆಯನ್ನು ನೋಡಿ, ತಪ್ಪು ಮಾಡಿದವರಂತೆ.

ಸೊಸೆ ಹೊಸ್ತಿಲ ಹತ್ತಿರ ಹೋಗಲಿಲ್ಲ. ಹಿಂದಿನಿಂದಲೇ ಕೈ ಚಾಚಿ ಮಾವನ ಅಂಗಿ ಹಿಡಿದು ಎಳೆದಳು. ಬಾಗಿಲನ್ನು ಕಾಲಿನಿಂದ ದೂಡಿದಳು. ಸೆರಗಿನ ಚುಂಗಿನಲ್ಲಿ ಬೀಗ ಹಿಡಿದು, ಕೊಂಡಿಗೆ ಹಾಕಿ, ಒತ್ತಿದಳು. ಬಾಗಿಲು ಮುಚ್ಚುವ ಮುಂಚೆ ಇಸ್ತ್ರಿಯವಳು ಅವಳನ್ನು ನೋಡಿದ ನೋಟವನ್ನು ನೋಡದವಳಂತೆ ತಿರುಗಿದಳು. "ನೀರು ಕಳಿಸ್ತೀನಿ," ಎಂದು ಬಾಗಿಲಿಗೆ ಹೇಳಿದಳು. ಮನೆಗೆ ಬಂದು ಮಾವನ ಕೈಗಳನ್ನು ಚರ್ಮ ಕೆಂಪಾಗುವಷ್ಟು ಸೋಪು ಹಾಕಿ ತಿಕ್ಕಿದಳು. "ಉರೀತಿದೆಯಮ್ಮ," ಎಂದು ಮಾವ ಮಗುವಿನಂತೆ ಅತ್ತರು. ಅವಳಿಗೂ ಅಳು ಬಂತು, ಆದರೆ ತಿಕ್ಕುವುದು ನಿಲ್ಲಿಸಲಿಲ್ಲ.

ಮಾರನೆಯ ದಿನವೇ ಇನ್ಸ್‌ಪೆಕ್ಟರು ಮೆಟ್ಟಿಲ ಬುಡಕ್ಕೆ ಬಂದು ನಿಂತರು. ಮೇಲೆ ಹತ್ತಲಿಲ್ಲ.

"ಏನಯ್ಯ, ನೀನು ಬೀಗ ಹಾಕಿದ್ದನ್ನ ಯಾರೋ ತೆಗೀತಿದಾರಂತೆ. ಇಸ್ತ್ರಿ ಮನೆಯೊಂದೇ ಅಲ್ಲ, ಹಿಂದಿನ ಬೀದೀಲೂ ಮೂರು ಮನೆ. ಯಾರು ಅಂತ ನಿನಗೂ ಗೊತ್ತು, ನನಗೂ ಗೊತ್ತು. ಇನ್ನೊಂದು ಸಲ ಆದ್ರೆ ಆ ಮುದುಕರನ್ನ ಎತ್ತಿಕೊಂಡು ಹೋಗಿ ಗೋಡೌನಿಗೆ ಹಾಕಿಸ್ತೀನಿ."

ಊರಾಚೆಯ ಗೋಡೌನಿನಲ್ಲಿ ಜ್ವರದವರಿಗೆ ಮಂಚ ಹಾಕಿದ್ದರು. ವಯಸ್ಸಾದವರು ಅಲ್ಲಿಗೆ ಹೋದದ್ದನ್ನು ಜನ ನೋಡಿದ್ದರು, ಬಂದದ್ದನ್ನು ನೋಡಿರಲಿಲ್ಲ.

"ಕೈ ಕಟ್ಟಿ ಹಾಕೋಣ್ವಾ?" ಎಂದ ಗಂಡ, ಅವರು ಹೋದ ಮೇಲೆ.

"ನಿಮ್ಮಪ್ಪನ ಕೈನಾ? ನಿಮಗೆ ಮನಸ್ಸು ಬರುತ್ತಾ?"

"ಮತ್ತೇನು ಮಾಡ್ಲಿ? ಅಪ್ಪನ ಕೈಲಿ ತೆಗೆಯೋಕಾಗದ ಬೀಗ ಈ ಊರಲ್ಲಿ ಇಲ್ಲ."

"ಇಲ್ಲದಿದ್ರೆ ಮಾಡಿ," ಎಂದುಬಿಟ್ಟಳು ಸೊಸೆ. ಸಿಟ್ಟಿನಲ್ಲಿ ಬಾಯಿಗೆ ಬಂದದ್ದು. ಗಂಡ ಅದನ್ನು ನಿಜವಾಗಿ ತೆಗೆದುಕೊಂಡ.

ಊಟದ ಮೇಜಿನ ಮೇಲೆ ಹಳೇ ಪೇಪರು ಹಾಸಿ, ಒಂದು ಹಿತ್ತಾಳೆ ಬೀಗ ಬಿಚ್ಚಿ ಕೂತ. ಅಡಿಗೆಮನೆಯಲ್ಲಿ ಚಪಾತಿಯ ಮಣೆಯ ಮೇಲೂ ಲೋಹದ ಪುಡಿ, ಅನ್ನದಲ್ಲೂ ಲೋಹದ ಪುಡಿ. ಸೊಸೆ ಗೊಣಗಿದರೆ, "ಇರು, ಇರು," ಎನ್ನುತ್ತಿದ್ದ. ಮಾವ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, "ಅರ ಹಾಗೆ ಹಿಡೀತಾರಾ? ಮಣಿಕಟ್ಟು ಸಡಿಲ ಬಿಡು. ಕತ್ತೆ," ಎಂದು ಬಯ್ಯುತ್ತಿದ್ದರು. ಗಂಡ ಮಣಿಕಟ್ಟು ಸಡಿಲ ಬಿಡುತ್ತಿದ್ದ. ಬೈಗುಳದಲ್ಲೇ ಕೆಲಸ ಕಲಿಸುತ್ತಿದ್ದಾರೆ ಎಂಬುದು ಸೊಸೆಗೂ ಕಾಣುತ್ತಿತ್ತು. ತಮ್ಮನ್ನೇ ಕೂಡಿಹಾಕುವ ಬೀಗಕ್ಕೆ ಮಾವ ಹೀಗೆ ಪಾಠ ಹೇಳುವುದನ್ನು ನೋಡಿ ಅವಳಿಗೆ ಅಡಿಗೆಮನೆಯಿಂದ ಹೊರಗೆ ಬರಲು ಕಷ್ಟವಾಗುತ್ತಿತ್ತು.

"ಅಪ್ಪ ಕಣ್ಣಲ್ಲಿ ತೆಗೆಯಲ್ಲ, ಬೆರಳಲ್ಲಿ ತೆಗೀತಾನೆ," ಎಂದು ಗಂಡ ಮಗಳಿಗೆ ವಿವರಿಸಿದ. "ಬೀಗದೊಳಗಿನ ಸಣ್ಣ ಪಿನ್ನು ಜಾಗಕ್ಕೆ ಕೂತಿತು ಅಂತ ಬೆರಳಿಗೆ ಗೊತ್ತಾಗುತ್ತೆ. ಅದಕ್ಕೇ ಸುಳ್ಳು ಹೇಳೋ ಪಿನ್ನು ಹಾಕಿದೀನಿ. ಕೂತೇ ಇರಲ್ಲ, ಕೂತೆ ಅಂತ ಹೇಳುತ್ತೆ. ಕೀಲಿ ಇದ್ರೂ ಸುಮ್ನೆ ತಿರುಗಿಸಿದ್ರೆ ಬರಲ್ಲ. ಒತ್ತಬೇಕು, ಹಿಂದಕ್ಕೆ ಅರ್ಧ ಸುತ್ತಬೇಕು, ಆಮೇಲೆ ಮುಂದಕ್ಕೆ."

"ಪಾಪ ಅಲ್ವಾ ಅಪ್ಪ, ತಾತಂಗೆ ಸುಳ್ಳು ಹೇಳೋದು?"

"ನಿನಗೋಸ್ಕರ ಕಣೇ."

ಬೀಗ ಮುಗಿದ ಬೆಳಿಗ್ಗೆ ಅದನ್ನು ಮಾವನ ಮಡಿಲಿಗೆ ಹಾಕಿ, ಪಕ್ಕದಲ್ಲಿ ಅವರ ಹಳೇ ಸಲಕರಣೆಯ ಚೀಲವನ್ನೇ ಇಟ್ಟರು. ಮಾವ ಹರ್ಷದಿಂದ ಕೂತರು. ತಿಂಡಿ ಆರಿತು, ಚಹಾ ಆರಿತು. ಊಟದ ಹೊತ್ತಿಗೆ ಅವರ ಹಣೆ ಬೆವೆತಿತ್ತು. "ಕೂತಿದೆ, ಎಲ್ಲಾ ಕೂತಿದೆ, ಬರ್ತಿಲ್ಲ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಕೊನೆಗೆ ಬೀಗವನ್ನು ಮಂಚದ ಕೆಳಗೆ ದೂಡಿ, ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು. ಗಂಡ ಮಗಳನ್ನು ಎತ್ತಿ ಗಿರ್ರನೆ ತಿರುಗಿಸಿದ. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವನು ಹೀಗೆ ಕುಣಿದದ್ದನ್ನು ಸೊಸೆ ನೋಡಿರಲಿಲ್ಲ. ಅವಳೂ ನಕ್ಕಳು. ಮಾವನ ಬೆನ್ನು ನೋಡಿ ನಗು ನಿಂತಿತು.

ಇನ್ಸ್‌ಪೆಕ್ಟರಿಗೆ ಬೀಗ ಹಿಡಿಸಿತು. "ಇಂಥದ್ದೇ ಎಲ್ಲಾ ಮನೆಗೂ ಹಾಕು," ಎಂದರು. ಗಂಡ ಹಗಲೂ ರಾತ್ರಿಯೂ ಅದನ್ನೇ ಮಾಡಿದ. ಒಂದೊಂದು ಬೀಗಕ್ಕೆ ಒಂದೊಂದೇ ಕೀಲಿ. ಮಾರ್ಕೆಟ್ ಮುಚ್ಚಿದ್ದರಿಂದ ಎರಡನೆಯದಕ್ಕೆ ಸಾಮಾನಿರಲಿಲ್ಲ. ಮನೆಯ ಗ್ರಿಲ್ಲಿನದೂ ಅದೇ ಗೊಂಚಲಿನಲ್ಲಿ. ಬೆಳಿಗ್ಗೆ ಹೋಗುವಾಗ ಹೊರಗಿನಿಂದ ಹಾಕಿಕೊಂಡು ಹೋಗುತ್ತಿದ್ದ, ಊಟಕ್ಕೆ ಬಂದು ತೆಗೆಯುತ್ತಿದ್ದ. ಮಾವ ಈಗ ಸರಳು ಹಿಡಿದು ಅಲ್ಲಾಡಿಸುತ್ತಿದ್ದರು. "ಸ್ಟಾಪ್ ಬಂತು, ಇಳಿಸು! ಇಳಿಸಮ್ಮ!" ಎಂದು ಕೂಗುತ್ತಿದ್ದರು. ಅವಳ ಮಾತನ್ನೇ ಅವಳಿಗೆ ತಿರುಗಿಸುತ್ತಿದ್ದರು.

ಒಂದು ದಿನ ಗಂಡ ಊಟಕ್ಕೆ ಬಂದವನು ತಟ್ಟೆ ಮುಟ್ಟಲಿಲ್ಲ.

"ಇಸ್ತ್ರಿಯವಳು ಹೋದಳು."

"ಎಲ್ಲಿಗೆ?" ಎಂದಳು ಕಡ್ಡಿ. ಗಂಡ ಸೊಸೆಯ ಕಡೆ ತಿರುಗಿದ.

"ಕಿಟಕಿ ಮೇಲಿಟ್ಟ ಬ್ರೆಡ್ಡು ಹಾಗೇ ಇತ್ತಂತೆ. ನನಗೆ ಫೋನು ಮಾಡಿದ್ರು. ನಾನು ಸ್ಟೇಷನ್ ಆಚೆ ಕಡೆ ಇದ್ದೆ. ಬರೋವರೆಗೆ ಬಾಗಿಲ ಮುಂದೆ ನಿಂತಿದ್ರು ಎಲ್ಲರೂ. ಬೇರೆಯವರ ಕೈಲಿ ತೆಗೆಯೋಕಾಗಲಿಲ್ಲ." ನೀರು ಕುಡಿದ. "ಒಳ್ಳೇ ಬೀಗ."

"ರೀ, ನಮ್ಮ ಮನೇದು ಒಂದು ಕೀಲಿ ನನಗೆ ಮಾಡಿಕೊಡಿ. ಏನಾದ್ರೂ ಮಾಡಿ. ಬೇರೆ ಯಾವುದಾದ್ರೂ ಕೀಲಿ ಕೊರೆದು ಮಾಡಿ."

"ನಾಳೆ ಮಾಡ್ತೀನಿ."

"ನಾಳೆ ಅಲ್ಲ, ಈಗ."

"ಕೈ ಓಡ್ತಿಲ್ಲ ಕಣೇ ಈಗ. ನಾಳೆ." ಅವನ ಕಣ್ಣೂ ಸ್ವಲ್ಪ ಕೆಂಪಗಿದ್ದಂತೆ ಅವಳಿಗೆ ಕಂಡಿತು. ಅತ್ತಿರಬೇಕು ಎಂದುಕೊಂಡಳು. ಹಾಗೆ ಅಂದುಕೊಳ್ಳಬೇಕೆಂದೇ ಇತ್ತು ಅವಳಿಗೆ.

ಮಾರನೆಯ ಬೆಳಿಗ್ಗೆ ಗ್ರಿಲ್ಲಿಗೆ ಬೀಗ ಹಾಕಿಕೊಂಡು ಹೋದವನು ಊಟಕ್ಕೆ ಬರಲಿಲ್ಲ. ಫೋನು ಎತ್ತಲಿಲ್ಲ. ಮಧ್ಯಾಹ್ನ ಇನ್ಸ್‌ಪೆಕ್ಟರ ಫೋನು ಬಂತು.

"ನೋಡಮ್ಮ, ಗಾಬರಿಯಾಗಬೇಡ. ಚೆಕ್‌ಪೋಸ್ಟಲ್ಲಿ ನಿನ್ನ ಗಂಡನಿಗೆ ಜ್ವರ ಇರೋದು ಗೊತ್ತಾಯ್ತು. ಅಲ್ಲಿಂದಲೇ ವ್ಯಾನು ಹತ್ತಿಸಿದ್ರು."

ಸೊಸೆ ಗ್ರಿಲ್ಲಿನ ಕಡೆ ನೋಡಿದಳು. "ಸರ್, ಕೀಲಿ... ನಾವು ಒಳಗಿದ್ದೀವಿ. ಕೀಲಿ ಅವರ ಹತ್ರ ಇದೆ."

"ಬಟ್ಟೆಬರೆಯೆಲ್ಲ ಸುಡೋ ಚೀಲಕ್ಕೆ ಹೋಗುತ್ತೆ. ವಿಚಾರಿಸ್ತೀನಿ. ಹೇಗೂ ನೀವು ಈಗ ಹೊರಗೆ ಬರೋ ಹಾಗಿಲ್ಲ, ನಿಮ್ಮನೆಗೆ ಬೀಗ ಹಾಕಲೇಬೇಕಿತ್ತು. ಹಾಕಿದೆಯಲ್ಲ, ಹಾಗೇ ಇರಲಿ."

ಅಕ್ಕಿ ಇತ್ತು, ನಲ್ಲಿಯಲ್ಲಿ ನೀರು ಬರುತ್ತಿತ್ತು. ಎರಡು ದಿನ ಹೇಗೋ ಹೋಯಿತು. ಮೂರನೆಯ ಬೆಳಿಗ್ಗೆ ಕಡ್ಡಿಯ ಮೈ ಮುಟ್ಟಿದರೆ ಸುಡುತ್ತಿತ್ತು. ಸೊಸೆ ಗಂಜಿ ಮಾಡಿದಳು, ಹುಡುಗಿ ನುಂಗಲಿಲ್ಲ. ಪಂಪು ಒತ್ತಿದಳು, ಸ್ವಲ್ಪ ಹೊತ್ತು ಸಮಾಧಾನ, ಮತ್ತೆ ಎದೆ ಏರಿಳಿಯತೊಡಗಿತು. ಬಿಸಿಲು ಏರುವ ಹೊತ್ತಿಗೆ ಪಂಪಿನಿಂದ ಬರೀ ಗಾಳಿ ಬಂತು. ಇನ್ಸ್‌ಪೆಕ್ಟರ ಫೋನು ಸ್ವಿಚಾಫ್. ಆಸ್ಪತ್ರೆಯ ನಂಬರು ಎಂಗೇಜು. ಸೊಸೆ ಕಿಟಕಿಯ ಸರಳು ಹಿಡಿದು ಬಸ್ಸಿನ ಕೊನೆಯ ಸೀಟಿಗೂ ಕೇಳಿಸುವ ತನ್ನ ಗಂಟಲಲ್ಲಿ ಕೂಗಿದಳು. "ಯಾರಾದ್ರೂ ಬನ್ನಿ! ಮಗೂಗೆ ಉಸಿರು ಕಟ್ಟಿದೆ!" ಎದುರುಮನೆಯ ಕಿಟಕಿಯಲ್ಲಿ ಒಂದು ಮುಖ ಕಂಡಿತು. ನಂತರ ಕಿಟಕಿ ಮುಚ್ಚಿತು, ಮೆಲ್ಲಗೆ, ಸದ್ದಾಗದ ಹಾಗೆ. ಅವಳು ಬಯ್ಯಲು ಬಾಯಿ ತೆರೆದಳು. ಬಯ್ಯಲು ತನಗೆ ಮುಖವಿಲ್ಲ ಎಂದು ಗೊತ್ತಾಗಿ ಮಗಳ ಕಡೆ ತಿರುಗಿದಳು.

"ಅಮ್ಮ," ಎಂದಳು ಕಡ್ಡಿ. ಅಷ್ಟು ಹೇಳಲು ಅವಳಿಗೆ ಎರಡು ಸಲ ಉಸಿರೆಳೆಯಬೇಕಾಯಿತು. ತುಟಿಯ ಬಣ್ಣ ಮಾಸಿತ್ತು. ದೊಡ್ಡ ರಸ್ತೆಯಲ್ಲಿ, ಬಸ್ ಸ್ಟಾಪಿನ ಹತ್ತಿರ, ಇಲಾಖೆಯ ಆಂಬುಲೆನ್ಸು ಇಡೀ ದಿನ ನಿಂತಿರುತ್ತಿತ್ತು. ಅಲ್ಲಿ ಆಮ್ಲಜನಕವಿತ್ತು. ಇಲ್ಲಿಂದ ಕೂಗಳತೆಗಿಂತ ಸ್ವಲ್ಪ ದೂರ, ಅಷ್ಟೇ.

ಸೊಸೆ ಅಟ್ಟದಿಂದ ಸಲಕರಣೆಯ ಚೀಲ ಇಳಿಸಿದಳು. ಮಾವನನ್ನು ಗ್ರಿಲ್ಲಿನ ಮುಂದೆ ಸ್ಟೂಲ್ ಹಾಕಿ ಕೂರಿಸಿ, ಅವರ ಕಾಲ ಬಳಿ ಕುಳಿತಳು.

"ಮಾವ, ಬೀಗ ತೆಗೀರಿ. ನಿಮಗೆ ಕೈಮುಗೀತೀನಿ. ಕಡ್ಡಿ ಒಳಗೆ ಸಿಕ್ಕಿಹಾಕ್ಕೊಂಡಿದಾಳೆ."

"ಅಯ್ಯೋ, ಮಗು!" ಮಾವ ಕೂಡಲೇ ಸರಳಿನಾಚೆ ಕೈ ಹಾಕಿದರು. ತಂತಿ ತೂರಿಸಿದರು, ಕಣ್ಣು ಮುಚ್ಚಿದರು. ಬೆರಳುಗಳು ಎಂದಿನಂತೆ ನಿಧಾನವಾಗಿ, ಸೂಕ್ಷ್ಮವಾಗಿ ಚಲಿಸಿದವು. ಒಂದು ಪಿನ್ನು ಕಟಕ್ಕೆಂದಿತು, ಇನ್ನೊಂದು ಕಟಕ್ಕೆಂದಿತು. ಮಾವನ ಬೆರಳು ನಿಂತಿತು. ಮತ್ತೆ ಮೊದಲಿನಿಂದ ಶುರುಮಾಡಿದರು. ಮತ್ತೆ ಬೆರಳು ನಿಂತಿತು. ಅವರ ಮುಖದಲ್ಲಿ ಈ ಸಲ ಅಳುವಿರಲಿಲ್ಲ, ಸಿಟ್ಟಿರಲಿಲ್ಲ. ನಿಧಾನವಾಗಿ ಒಂದು ನಗು ಹರಡಿತು.

"ಭಲೇ," ಎಂದರು. "ಸುಳ್ಳು ಪಿನ್ನು ಹಾಕಿದಾನೆ. ಎಂಥಾ ಕೈ! ಯಾರಮ್ಮ ಇದನ್ನ ಮಾಡಿದ್ದು?"

"ನಿಮ್ಮ ಮಗ. ಒತ್ತಿ ಹಿಂದಕ್ಕೆ ತಿರುಗಿಸಬೇಕಂತೆ ಮಾವ, ಆಮೇಲೆ ಮುಂದಕ್ಕೆ. ಪ್ರಯತ್ನ ಮಾಡಿ."

"ನನ್ನ ಮಗನಾ? ಅವನ ಕೈಲಿ ಇದೆಲ್ಲ ಆಗಲ್ಲ ಬಿಡು." ತಂತಿ ಹೊರಗೆಳೆದು, ಅಂಗಿಯ ಚುಂಗಿನಿಂದ ಬೀಗದ ಮೇಲಿನ ಧೂಳು ಒರೆಸಿದರು. "ಇದು ಕೀಲಿ ಇಲ್ಲದೆ ಬರಲ್ಲ ತಾಯಿ. ನಾನೇನು, ನನ್ನ ಗುರು ಬಂದರೂ ಬರಲ್ಲ."

ಒಳಗೆ ಕಡ್ಡಿಯ ಉಸಿರು ಸಿಳ್ಳೆಯಾಗಿತ್ತು.

ಸೊಸೆ ಚೀಲದಿಂದ ಉಳಿ ಸುತ್ತಿಗೆ ಎಳೆದಳು. ಬೀಗ ಬಿಡದಿದ್ದರೆ ಕೊಂಡಿಯಾದರೂ ಬಿಡಲಿ ಎಂದು ಕೊಂಡಿಯ ಬೆಸುಗೆಗೆ ಉಳಿ ಇಟ್ಟು ಬಾರಿಸಿದಳು. ಗ್ರಿಲ್ಲೆಲ್ಲ ಝಣಝಣ ಎಂದಿತು. ಮಾವ ಗಾಬರಿಯಿಂದ ಎದ್ದರು.

"ಏಯ್! ಏನು ಮಾಡ್ತಿದೀಯ? ಇಂಥಾ ಕೆಲಸವನ್ನ ಒಡೀತಾರೇನೇ? ಯಾರು ನೀನು? ಕಳ್ಳೀ!"

ಅವರು ಸುತ್ತಿಗೆ ಹಿಡಿದ ಅವಳ ಕೈಯನ್ನು ಹಿಡಿದರು. ಜೀವಮಾನವಿಡೀ ಕಬ್ಬಿಣ ಹಿಡಿದ ಕೈ, ಬಿಡಿಸಿಕೊಳ್ಳಲಾಗಲಿಲ್ಲ. "ಬಿಡಿ ಮಾವ." "ಬಿಡಲ್ಲ. ಕಳ್ಳೀ! ಯಾರಾದ್ರೂ ಬನ್ರೋ!" ದಿನಾ ಉಣಿಸಿದ, ತೊಳೆದ, ಒರೆಸಿದ ಈ ಮುದುಕ ತನಗೆ ಯಾರು, ತಾನು ಅವರಿಗೆ ಯಾರು ಎಂದು ಯೋಚಿಸಲು ಅವಳಿಗೆ ಪುರುಸೊತ್ತಿರಲಿಲ್ಲ. ಉಳಿ ಬಿಟ್ಟು, ಇನ್ನೊಂದು ಕೈಯಿಂದ ಮಾವನ ಎದೆಗೆ ಬಲವಾಗಿ ದೂಡಿದಳು. ಅವರು ಸ್ಟೂಲಿನ ಮೇಲೆ ಬಿದ್ದು, ಸ್ಟೂಲಿನ ಜೊತೆ ನೆಲಕ್ಕೆ ಬಿದ್ದರು. ತಲೆ ಗೋಡೆಗೆ ತಾಗಿದ ಸದ್ದು ಅವಳಿಗೆ ಕೇಳಿಸಿತು. ತಿರುಗಿ ನೋಡಿದರೆ ಮತ್ತೆ ಸುತ್ತಿಗೆ ಎತ್ತಲಾಗುವುದಿಲ್ಲ ಎಂದು ಗೊತ್ತಿತ್ತು. ತಿರುಗಲಿಲ್ಲ. ಬಾರಿಸಿದಳು, ಬಾರಿಸಿದಳು, ಬೆರಳಿಗೂ ಬಾರಿಸಿಕೊಂಡಳು, ಬೆಸುಗೆ ಬಿಟ್ಟು ಕೊಂಡಿ ಕಿತ್ತುಕೊಂಡು ಬಂತು. ಬೀಗ ಕೊಂಡಿಯ ಸಮೇತ ಮೆಟ್ಟಿಲ ಮೇಲೆ ಉರುಳಿತು. ಅದು ಇನ್ನೂ ಹಾಕಿದ ಹಾಗೇ ಇತ್ತು.

ಮಗಳನ್ನು ಹೆಗಲಿಗೆ ಹಾಕಿಕೊಂಡು, ಮಾವನ ಕಾಲುಗಳನ್ನು ದಾಟಿ ಇಳಿದಳು. ಹುಡುಗಿ ಹಗುರವಾಗಿದ್ದಳು, ಅದೇ ಅವಳನ್ನು ಹೆದರಿಸಿತು. ಬೀದಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಬಿಸಿಲು ಕಣ್ಣು ಕುಕ್ಕುತ್ತಿತ್ತು. ತಿರುವಿನಲ್ಲಿ ಹಿಂದಿನಿಂದ ಏನೋ ಉರುಳಿದ ಸದ್ದಾಗಿ ತಿರುಗಿ ನೋಡಿದಳು.

ಮಾವ ಎದ್ದಿದ್ದರು. ಕಿವಿಯ ಹಿಂದಿನಿಂದ ರಕ್ತ ಇಳಿದು ಅಂಗಿಯ ಕಾಲರು ತೊಯ್ದಿತ್ತು. ಮೆಟ್ಟಿಲಿಳಿದು, ಚೀಲ ಹೆಗಲಿಗೆ ಹಾಕಿಕೊಂಡು, ಅತ್ತ ಕಡೆ ಹೊರಟಿದ್ದರು. ಅಲ್ಲಿ ಯಾವುದೋ ಮನೆಯಲ್ಲಿ ಯಾರೋ ಒಳಗಿನಿಂದ ಬಾಗಿಲು ಬಡಿಯುತ್ತಿದ್ದರು. "ಬಂದೆ, ಬಂದೆ," ಎಂದು ಮಾವ ಹೇಳುತ್ತಿರುವುದು ಇಲ್ಲಿಗೂ ಕೇಳಿಸಿತು. ಬೀದಿಯ ಕೊನೆಯಲ್ಲಿ, ಅವರ ಎದುರಿಗೇ, ಜನರನ್ನು ಗೋಡೌನಿಗೆ ಒಯ್ಯುವ ಇಲಾಖೆಯ ವ್ಯಾನು ತಿರುಗುತ್ತಿತ್ತು.

ಒಂದು ಸಲ ಕೂಗಿದ್ದರೆ ಅವರು ತಿರುಗುತ್ತಿದ್ದರು. ಅವಳ ದನಿ ಅವರಿಗೆ ಇನ್ನೂ ಮರೆತಿರಲಿಲ್ಲ. ಆದರೆ ಕೂಗಿದರೆ ವ್ಯಾನಿನವರೂ ತಿರುಗುತ್ತಿದ್ದರು, ಬೀಗ ಒಡೆದು ಬಂದವಳನ್ನೂ ಮಗುವನ್ನೂ ನೋಡುತ್ತಿದ್ದರು, ಆಂಬುಲೆನ್ಸು ಮುಟ್ಟುವ ಮುಂಚೆಯೇ ತಡೆಯುತ್ತಿದ್ದರು.

ಸೊಸೆ ಬಾಯಿ ಬಿಗಿಹಿಡಿದು, ಮಗಳನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು, ದೊಡ್ಡ ರಸ್ತೆಯ ಕಡೆ ಓಡಿದಳು.